ಕುರಿ ಕಾಯುವ ನಾಯಿಗೆ ತಳಿಯ ಹೆಸರಿಲ್ಲ

ಬಿಡದಿ ಎಂದರೆ ಹೆದ್ದಾರಿಯ ಪ್ರಯಾಣಿಕರಿಗೆ ತಟ್ಟೆ ಇಡ್ಲಿಯ ನೆನಪು. ಉಳಿದವರಿಗೆ ಕೈಗಾರಿಕಾ ಪ್ರದೇಶ. ಆದರೆ ರಸ್ತೆ ಬಿಟ್ಟು ಮಾಗಡಿ, ಕನಕಪುರದ ಕಡೆಯ ಕಲ್ಲುಗುಡ್ಡಗಳತ್ತ ಹೊರಳಿದರೆ ಕುರಿಮಂದೆಯೂ ಅದರ ಹಿಂದೆ ಬಾಲ ಮೇಲೆತ್ತಿಕೊಂಡು ಬರುವ ನಾಯಿಯೂ ಕಾಣುತ್ತವೆ. ಆ ನಾಯಿಗೆ ತಳಿಯ ಹೆಸರಿಲ್ಲ. ಊರ ನಾಯಿ ಎಂದರೆ ಮುಗಿಯಿತು.

ಬೇಟೆ ನಾಯಿಯ ಕಥೆ ಹೀಗಲ್ಲ. ಚನ್ನಪಟ್ಟಣ ದಾಟಿದರೆ ಸಿಗುವ ಮದ್ದೂರು ಸೀಮೆಯ ಆತಕೂರಿನಲ್ಲಿ, ಕ್ರಿ.ಶ. 949-50ರ ಶಾಸನವೊಂದು ನಾಯಿಗಾಗಿಯೇ ನಿಂತಿತು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದ ಮೇಲೆ, ಪರಾಕ್ರಮ ಮೆರೆದ ಮಣಲೇರ ತನ್ನ ಒಡೆಯ ಗಂಗ ಬೂತುಗನಲ್ಲಿ ಬೇಡಿದ್ದು ‘ಕಾಳಿ’ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಮಣಲೇರ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಉತ್ತರದ ಮುಧೋಳದ ಬೇಟೆ ನಾಯಿಗೆ ಸಂಸ್ಥಾನದ ಘೋರ್ಪಡೆ ಅರಸರ ಆಶ್ರಯ ಸಿಕ್ಕಿತು. 2005ರಲ್ಲಿ ಅಂಚೆಚೀಟಿಯೂ ಬಂತು. ಅದೇ ಸರಣಿಯಲ್ಲಿ ಹಿಮಾಲಯದ ಕುರಿನಾಯಿಗೂ ಜಾಗವಿತ್ತು. ನಮ್ಮ ಬಯಲಿನ ಕುರಿನಾಯಿಗೆ ಮಾತ್ರ ಕಲ್ಲೂ ಇಲ್ಲ, ಚೀಟಿಯೂ ಇಲ್ಲ.

ಕಾರಣವನ್ನು ಅದರ ಕೆಲಸದಲ್ಲೇ ಹುಡುಕಬೇಕು. ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯ ಬಾರ್ಡರ್ ಕೋಲಿ ನಾಯಿ ಮೈ ಬಗ್ಗಿಸಿ, ದಿಟ್ಟಿಸಿ ನೋಡಿಯೇ ಕುರಿಗಳನ್ನು ತಿರುಗಿಸುತ್ತದೆ. ಅಲ್ಲಿ ಸ್ಪರ್ಧೆ, ಬಹುಮಾನ, ವಂಶಾವಳಿಯ ದಾಖಲೆ ಎಲ್ಲವೂ ಬೆಳೆದವು. ಇಲ್ಲಿ ಮಂದೆ ತಿರುಗಿಸುವವನು ಕುರುಬನೇ. ನಾಯಿಯ ಕೆಲಸ ರಾತ್ರಿಯದು. ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ನಿಲ್ಲಿಸಿದಾಗ ಕತ್ತಲಲ್ಲಿ ಸುಳಿವು ಹಿಡಿದು ಬೊಗಳುವುದು, ಮಲಗಿದವನನ್ನು ಎಬ್ಬಿಸುವುದು. ಈ ಗುಡ್ಡಗಳ ಚಿರತೆಗೆ ಕುರಿಯಷ್ಟೇ ನಾಯಿಯೂ ಊಟ. ಹಾಗಾಗಿ ಮೇಲೆ ಬೀಳುವ ನಾಯಿಗಿಂತ ದೂರದಿಂದಲೇ ಎಚ್ಚರಿಸುವ ನಾಯಿಯೇ ಹೆಚ್ಚು ಕಾಲ ಬದುಕುತ್ತದೆ. ಗಿಡ್ಡ ಕೂದಲು, ಹಗುರ ಮೈ ಈ ಬಿಸಿಲಿಗೆ ಹೇಳಿ ಮಾಡಿಸಿದವು. ಇಂಥ ಗುಣಕ್ಕೆ ಪ್ರದರ್ಶನದಲ್ಲಿ ಅಂಕ ಸಿಗುವುದಿಲ್ಲ.

ಕಾವಲು ನಾಯಿ ತಯಾರಾಗುವುದು ಮರಿಯಿದ್ದಾಗಲೇ. ಎರಡು ತಿಂಗಳ ಸುಮಾರಿಗೆ ಕುರಿಗಳ ನಡುವೆ ಬಿಟ್ಟರೆ ಅವುಗಳ ವಾಸನೆ, ಸದ್ದು ಮನೆಯದೇ ಆಗುತ್ತದೆ. ನಾಲ್ಕೈದು ತಿಂಗಳು ಕಳೆದ ಮೇಲೆ ಈ ಸಲುಗೆ ಕಷ್ಟ. ಆಟಕ್ಕೆಂದು ಕುರಿಮರಿಯನ್ನು ಅಟ್ಟುವ ಚಾಳಿಯನ್ನು ಮೊದಲ ದಿನವೇ ತಡೆಯಬೇಕು.

ಆರೈಕೆಯಲ್ಲಿ ಹೆಚ್ಚಾಗಿ ಆಗುವ ತಪ್ಪು ಪ್ರೀತಿಯದೇ. ಕುರಿ ಕೊಯ್ದಾಗ ಹಸಿ ಕರುಳು, ತಲೆ, ಪಿತ್ತಜನಕಾಂಗವನ್ನು ನಾಯಿಗೆ ಎಸೆಯುತ್ತಾರೆ. ಅದರಲ್ಲಿ ಲಾಡಿಹುಳುವಿನ ಗುಳ್ಳೆಗಳಿದ್ದರೆ ಹುಳು ನಾಯಿಯ ಹೊಟ್ಟೆಯಲ್ಲಿ ಬೆಳೆದು, ಮಲದ ಮೂಲಕ ಮೊಟ್ಟೆಗಳು ಹುಲ್ಲಿಗೆ ಬಂದು, ಮತ್ತೆ ಕುರಿಯನ್ನು ಸೇರುತ್ತವೆ. ಒಂದು ಬಗೆಯ ಹುಳು ಕುರಿಯ ಮಿದುಳಿನಲ್ಲಿ ಗುಳ್ಳೆ ಕಟ್ಟಿ, ಕುರಿ ನಿಂತಲ್ಲೇ ಸುತ್ತತೊಡಗುತ್ತದೆ. ಇನ್ನೊಂದು ಬಗೆ ಮನುಷ್ಯರ ಪಿತ್ತಜನಕಾಂಗದಲ್ಲೂ ಗುಳ್ಳೆ ಕಟ್ಟುತ್ತದೆ. ಬೇಯಿಸಿ ಹಾಕುವುದು, ಪಶುವೈದ್ಯರನ್ನು ಕೇಳಿ ಕಾಲಕಾಲಕ್ಕೆ ಜಂತುಹುಳು ಔಷಧ ಕೊಡಿಸುವುದು ದುಬಾರಿಯೇನಲ್ಲ. ಮೂರು ತಿಂಗಳಿಗೆ ಮೊದಲ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ರಾಗಿ ಮುದ್ದೆಯ ಜೊತೆ ಸ್ವಲ್ಪ ಮೊಟ್ಟೆಯೋ ಬೇಯಿಸಿದ ಮಾಂಸವೋ ಇದ್ದರೆ ಊಟವಾಯಿತು.

ಹಾಗೆಂದು ನಾಯಿಗೆ ಈ ನಾಡಿನಲ್ಲಿ ಮರ್ಯಾದೆಯೇ ಇಲ್ಲವೆನ್ನಲಾಗದು. ಕುರುಬರು ನಡೆದುಕೊಳ್ಳುವ ಮೈಲಾರಲಿಂಗನ ಗೊರವರು ದೋಣಿಸೇವೆಯಲ್ಲಿ ನಾಯಿಗಳಂತೆ ಬೊಗಳುತ್ತ ಬಾಯಿ ಹಾಕಿ ಪ್ರಸಾದ ತಿನ್ನುತ್ತಾರೆ. ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಂತೂ 2010ರಲ್ಲಿ ನಾಯಿಗಳಿಗೇ ಗುಡಿ ಕಟ್ಟಲಾಯಿತು. ಊರಿನಿಂದ ಕಾಣೆಯಾದ ಎರಡು ನಾಯಿಗಳಿಗೆ ಗುಡಿ ಬೇಕೆಂದು ಗ್ರಾಮದೇವತೆ ಕೆಂಪಮ್ಮ ಕನಸಿನಲ್ಲಿ ಕೇಳಿದಳೆಂಬುದು ನಂಬಿಕೆ. ಒಳಗೆ ಪೂಜೆ ಪಡೆಯುವ ವಿಗ್ರಹಗಳು ಮುಧೋಳದ್ದೂ ಅಲ್ಲ, ವಿಲಾಯಿತಿಯದೂ ಅಲ್ಲ, ಊರ ನಾಯಿಗಳವು.