ಟೈಟ್ ಎಂಡ್ ಆಯ್ಕೆ: ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಕಾಲೇಜು ಆಟಗಾರರ ಮೌಲ್ಯಮಾಪನದ ಇತಿಹಾಸ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಕ್ರಮಣ ಸಾಲಿನ ತುದಿಗೆ, ಟ್ಯಾಕಲ್ ಆಟಗಾರನ ಮಗ್ಗುಲಲ್ಲೇ ನಿಂತು ಆಡುವವನು ಟೈಟ್ ಎಂಡ್. ಒಮ್ಮೆ ಎದುರಾಳಿಯನ್ನು ಮೈಯೊಡ್ಡಿ ತಡೆದು, ಚೆಂಡು ಹೊತ್ತು ಓಡುವವನಿಗೆ ದಾರಿ ಬಿಡಿಸಬೇಕು. ಇನ್ನೊಮ್ಮೆ ತಾನೇ ಓಡಿ ಪಾಸ್ ಹಿಡಿಯಬೇಕು. ಮೊದಲನೆಯದಕ್ಕೆ ತೂಕ ಮತ್ತು ತಾಕತ್ತು, ಎರಡನೆಯದಕ್ಕೆ ವೇಗ ಮತ್ತು ಮೃದುವಾದ ಕೈ ಬೇಕು. ಎರಡೂ ಒಬ್ಬನಲ್ಲಿ ಕೂಡಿಬರುವುದು ಅಪರೂಪವಾದ್ದರಿಂದ, ನ್ಯಾಷನಲ್ ಫುಟ್‌ಬಾಲ್ ಲೀಗ್ ಅಂದರೆ ಎನ್‌ಎಫ್‌ಎಲ್‌ನ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಡ್ರಾಫ್ಟ್‌ನಲ್ಲಿ ಅವುಗಳ ಲೆಕ್ಕಾಚಾರ ಬಹಳ ಸಲ ತಪ್ಪಿರುವುದು ಈ ಸ್ಥಾನದಲ್ಲಿ. ಇದರ ಇತಿಹಾಸವನ್ನು ಪ್ರಸಿದ್ಧ ಆಟಗಾರರ ಹೆಸರುಗಳ ಸರಪಳಿಯಾಗಿ ಹೇಳುವ ರೂಢಿಯಿದೆ. ಆ ಕಥನದಲ್ಲಿ ಕೆಲವು ಕಡೆ ದಾಖಲೆಗಳು ಒಂದಕ್ಕೊಂದು ಹೊಂದುವುದಿಲ್ಲ.

ಡ್ರಾಫ್ಟ್ ಶುರುವಾದದ್ದು 1936ರ ಫೆಬ್ರುವರಿಯಲ್ಲಿ, ಫಿಲಡೆಲ್ಫಿಯಾದಲ್ಲಿ. ದುರ್ಬಲ ತಂಡಕ್ಕೆ ಮೊದಲ ಆಯ್ಕೆ ಸಿಗಲಿ ಎಂಬ ಬರ್ಟ್ ಬೆಲ್ ಅವರ ಪ್ರಸ್ತಾವ ಅದಕ್ಕೆ ತಳಹದಿ. ಆಗ ತಂಡಗಳು ಪತ್ರಿಕಾ ವರದಿ ಮತ್ತು ಪರಿಚಯದ ಕೋಚ್‌ಗಳ ಮಾತನ್ನೇ ನಂಬಿ ಆಟಗಾರರನ್ನು ಆರಿಸುತ್ತಿದ್ದವು. ಊರೂರು ತಿರುಗಿ ಕಾಲೇಜು ಆಟಗಾರರನ್ನು ಕಣ್ಣಾರೆ ನೋಡಿ ಅಳೆಯುವ ಸ್ಕೌಟ್ ಕೆಲಸವನ್ನೇ ಪೂರ್ಣಾವಧಿ ವೃತ್ತಿಯಾಗಿಸಿಕೊಂಡವರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಎಡ್ಡಿ ಕೋಟಲ್ ಮೊದಲಿಗರೆಂದು ಹೆಸರಾಗಿದ್ದಾರೆ.

ಮೊದಲ ಗೊಂದಲ ಇಲ್ಲೇ ಇದೆ. ಡ್ರಾಫ್ಟ್ ಆಗಿ ಬಂದ ಮೊತ್ತಮೊದಲ ಟೈಟ್ ಎಂಡ್ ಯಾರು ಎಂಬ ಪ್ರಶ್ನೆಗೆ ಒಪ್ಪಿತ ಉತ್ತರವಿಲ್ಲ. 1950ರ ದಶಕದ ಡ್ರಾಫ್ಟ್ ಪಟ್ಟಿಗಳಲ್ಲಿ ಸಾಲಿನ ಎರಡೂ ತುದಿಯವರು ಬರೀ ‘ಎಂಡ್’. ಒಬ್ಬ ಎಂಡ್ ಸಾಲಿನಿಂದ ದೂರ ಸರಿದು ಪೂರ್ತಿ ಪಾಸ್ ಹಿಡಿಯುವವನಾದ ಮೇಲೆ ಟ್ಯಾಕಲ್ ಪಕ್ಕದಲ್ಲೇ ಉಳಿದವನಿಗೆ ಪ್ರತ್ಯೇಕ ಗುರುತು ಬಂತು. 1957ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ 4ನೇ ಆಯ್ಕೆಯಾಗಿ ಪಡೆದ, ಮಿಷಿಗನ್ ವಿಶ್ವವಿದ್ಯಾಲಯದ ರಾನ್ ಕ್ರೇಮರ್ ಅವರನ್ನು ಇಂದಿನ ಕೋಶಗಳು ಟೈಟ್ ಎಂಡ್ ಎಂದು ತೋರಿಸುವುದು ಅವರು ವೃತ್ತಿಪರರಾಗಿ ಆಡಿದ ಆಟದ ಆಧಾರದ ಮೇಲೆ. ಅವರನ್ನು ಆರಿಸಿದವರ ಕಣ್ಣಿಗೆ ಅವರು ಹಾಗೆ ಕಂಡಿದ್ದರೆಂದು ಇದರಿಂದ ತೀರ್ಮಾನಿಸಲಾಗದು.

ಇನ್ನೊಂದು ತೊಡಕು ಕಾಲೇಜಿನ ನಿಯಮದ್ದು. 1953ರಿಂದ 1960ರ ದಶಕದ ನಡುವಿನವರೆಗೆ ಆಟಗಾರರ ಬದಲಾವಣೆಗೆ ಮಿತಿ ಇದ್ದುದರಿಂದ ಒಬ್ಬನೇ ಆಟಗಾರ ಆಕ್ರಮಣ, ರಕ್ಷಣೆ ಎರಡರಲ್ಲೂ ಆಡಬೇಕಿತ್ತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮೈಕ್ ಡಿಟ್ಕಾ ಎಂಡ್ ಆಗಿ ಆಡಿದರು, ರಕ್ಷಣೆಯಲ್ಲಿ ನಿಂತರು, ಪಂಟ್ ಕೂಡ ಮಾಡಿದರು. ಕೆಲವು ತಂಡಗಳು ಅವರಲ್ಲಿ ಲೈನ್‌ಬ್ಯಾಕರ್‌ನನ್ನೇ ಕಂಡವು. 1961ರಲ್ಲಿ ಶಿಕಾಗೊ ಬೇರ್ಸ್ 5ನೇ ಆಯ್ಕೆಯಾಗಿ ಅವರನ್ನು ಪಡೆದು ಪಾಸ್ ಹಿಡಿಯಲು ಬಿಟ್ಟಿತು. ಮೊದಲ ವರ್ಷವೇ 56 ಕ್ಯಾಚ್, 1,076 ಗಜ, 12 ಟಚ್‌ಡೌನ್. ನಿಜವಾದ ತಿರುವು ಇದೇ. ಎರಡು ವರ್ಷದ ಬಳಿಕ ಸಿರಕ್ಯೂಸ್‌ನ ಜಾನ್ ಮ್ಯಾಕಿ ಎರಡನೇ ಸುತ್ತಿನಲ್ಲಿ, ಲೂಯಿಸಿಯಾನಾದ ಸಣ್ಣ ಕಾಲೇಜಿನ ಜಾಕಿ ಸ್ಮಿತ್ 10ನೇ ಸುತ್ತಿನಲ್ಲಿ ಆಯ್ಕೆಯಾದರು. ಮುಂದೆ ಇಬ್ಬರೂ ಹಾಲ್ ಆಫ್ ಫೇಮ್ ಸೇರಿದರು. ಒಂದೇ ಡ್ರಾಫ್ಟ್‌ನ ಈ ಎಂಟು ಸುತ್ತುಗಳ ಅಂತರವೇ ಅಂದಿನ ಅಳತೆಗೋಲು ಎಷ್ಟು ಸಡಿಲವಾಗಿತ್ತೆಂದು ಹೇಳುತ್ತದೆ.

1963ರಲ್ಲಿ ಲಯನ್ಸ್, ಈಗಲ್ಸ್, ಸ್ಟೀಲರ್ಸ್ ತಂಡಗಳು ಖರ್ಚು ಹಂಚಿಕೊಂಡು ಒಂದೇ ಸ್ಕೌಟಿಂಗ್ ಕೂಟ ಕಟ್ಟಿದವು. ಬೇರ್ಸ್ ಸೇರಿದ ಮೇಲೆ ಅದು ಬ್ಲೆಸ್ಟೊ ಆಯಿತು. ಇಷ್ಟು ಎಲ್ಲ ಗ್ರಂಥಗಳಲ್ಲೂ ಸಿಗುತ್ತದೆ. ಅದೇ ಹೊತ್ತಿಗೆ ಡಲ್ಲಾಸ್ ಕೌಬಾಯ್ಸ್ ಮಾಡಿದ ಪ್ರಯೋಗಕ್ಕೆ, ಅದರಲ್ಲೂ ಅದರ ಹಿಂದಿದ್ದ ಭಾರತೀಯನಿಗೆ, ಸಲ್ಲಬೇಕಾದ ಜಾಗ ಸಿಕ್ಕಿಲ್ಲ. ತಂಡದ ಮುಖ್ಯಸ್ಥ ಟೆಕ್ಸ್ ಶ್ರಾಮ್ ಮತ್ತು ಆಯ್ಕೆಯ ಹೊಣೆ ಹೊತ್ತ ಗಿಲ್ ಬ್ರಾಂಟ್ ಅವರಿಗಾಗಿ ಕಂಪ್ಯೂಟರ್ ವಿಧಾನ ರೂಪಿಸಿದವರು ಸಲಾಂ ಖುರೇಷಿ. ಅಲಿಗಢದಲ್ಲಿ ಓದಿ ಅಮೆರಿಕಕ್ಕೆ ಹೋಗಿ ಐಬಿಎಂ ಅಂಗಸಂಸ್ಥೆಯಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಅವರು. ಕ್ರಿಕೆಟ್ ಗೊತ್ತಿತ್ತು, ಈ ಆಟ ಹೊಸದು. ಆ ಅಪರಿಚಯ ಅವರಿಗೆ ಅನುಕೂಲವೇ ಆಯಿತು ಎನ್ನಬೇಕು. ಒಬ್ಬ ಕೋಚ್ ‘ಚುರುಕು’ ಅಂದದ್ದು ಇನ್ನೊಬ್ಬನ ‘ಚುರುಕು’ ಅಲ್ಲ ಎಂಬುದು ಅವರ ಗಮನಕ್ಕೆ ಬಂತು. ಗುಣಗಳ ಉದ್ದನೆಯ ಪಟ್ಟಿಯನ್ನು ಸೋಸಿ ಐದಕ್ಕೆ ಇಳಿಸಿದರು: ನಡತೆ, ಚುರುಕು ಮತ್ತು ದೇಹದ ಹಿಡಿತ, ಛಲ, ಮನಸ್ಸಿನ ಎಚ್ಚರ, ಬಲ ಮತ್ತು ಸಿಡಿತ. ಸ್ಕೌಟ್‌ಗಳು ಮನಬಂದ ಹೊಗಳಿಕೆ ಬರೆಯುವ ಬದಲು ನಿಗದಿತ ವಾಕ್ಯಗಳಿಗೆ ಅಂಕ ಕೊಡಬೇಕಾಯಿತು. ಇಬ್ಬಗೆಯ ಕೆಲಸದ ಟೈಟ್ ಎಂಡ್‌ನನ್ನು ಬೇರೆ ಸ್ಥಾನದವರ ಜೊತೆ ಒಂದೇ ಕಾಗದದಲ್ಲಿ ಹೋಲಿಸಲು ಇದರಿಂದ ದಾರಿಯಾಯಿತು. ಅಂಕಿ-ಅಂಶದ ಯುಗ 2000ದ ನಂತರ ಬಂತೆಂದು ಬರೆಯುವವರು ಈ ಅಧ್ಯಾಯವನ್ನು ಬಿಟ್ಟೇಬಿಡುತ್ತಾರೆ.

ಮುಂದಿನ ಎರಡು ದಶಕ ಸುಪರಿಚಿತ. ಅಲಬಾಮಾದಲ್ಲಿ ರಿಸೀವರ್ ಆಗಿದ್ದ ಓಝಿ ನ್ಯೂಸಮ್ 1978ರಲ್ಲಿ ಬ್ರೌನ್ಸ್ ಸೇರಿ ಟೈಟ್ ಎಂಡ್ ಆದರು. 1979ರ 13ನೇ ಆಯ್ಕೆ ಕೆಲೆನ್ ವಿನ್ಸ್‌ಲೊ ಅವರನ್ನು ಕೋಚ್ ಡಾನ್ ಕೊರಿಯೆಲ್ ಸಾಲಿನಿಂದ ಆಚೆ ತಂದು ನಿಲ್ಲಿಸಿದರು. ಶಾನನ್ ಶಾರ್ಪ್ 1990ರಲ್ಲಿ ಬಂದದ್ದು ಏಳನೇ ಸುತ್ತಿನಲ್ಲಿ.

ಕಾಂಬೈನ್ ಎಂಬ ಸಾಮೂಹಿಕ ಪರೀಕ್ಷಾ ಶಿಬಿರದ ಆರಂಭಕ್ಕೆ 1982, 1985 ಎರಡೂ ವರ್ಷಗಳನ್ನು ಕೊಡುವುದುಂಟು. ಎರಡಕ್ಕೂ ಆಧಾರವಿದೆ: ಮೊದಲ ಶಿಬಿರ 1982ರಲ್ಲಿ ಟ್ಯಾಂಪಾದಲ್ಲಿ ನಡೆಯಿತು, ಬೇರೆ ಬೇರೆ ಕೂಟಗಳ ಶಿಬಿರಗಳು ಒಂದಾದದ್ದು 1985ರಲ್ಲಿ. ಇಂಡಿಯಾನಾಪೊಲಿಸ್‌ಗೆ ಬಂದದ್ದು 1987ರಲ್ಲಿ. ಮೂಲ ಉದ್ದೇಶ ವೈದ್ಯಕೀಯ ತಪಾಸಣೆ. 40 ಗಜದ ಓಟ, 225 ಪೌಂಡ್ ಭಾರದ ಬೆಂಚ್ ಪ್ರೆಸ್, ನಿಂತಲ್ಲಿಂದಲೇ ಮೇಲಕ್ಕೆ ಜಿಗಿತ, ಮೂರು ಕೋನ್‌ಗಳ ಸುತ್ತಿನ ಓಟ ಟಿವಿಯಿಂದಾಗಿ ಹೆಸರಾದವು.

ಅನುಭವಿ ಸ್ಕೌಟ್ ಪಂದ್ಯದ ವಿಡಿಯೊದಲ್ಲಿ ಮೊದಲು ನೋಡುವುದು ಚೆಂಡು ಹಿಡಿಯುವುದನ್ನಲ್ಲ. ಟೈಟ್ ಎಂಡ್ ಒಂದು ಕೈ ನೆಲಕ್ಕೂರಿ ಕೂತಿದ್ದಾನೆ, ಎದುರಿಗೆ ತನಗಿಂತ ಭಾರದ ಡಿಫೆನ್ಸಿವ್ ಎಂಡ್. ಚೆಂಡು ಕದಲಿದೊಡನೆ ಮೊದಲ ಹೆಜ್ಜೆ ಎತ್ತ ಹೋಯಿತು? ಅಂಗೈಗಳು ಎದುರಾಳಿಯ ಎದೆಯೊಳಗೆ ಕೂತವೋ, ತೋಳಿನ ಹೊರಗೆ ಜಾರಿದವೋ? ಸೊಂಟ ತಗ್ಗಿತೋ? ಡಿಕ್ಕಿಯ ನಂತರವೂ ಪಾದಗಳು ಓಡುತ್ತಲೇ ಇದ್ದವೋ? ಅದಾದ ಮೇಲೆ ಪಾಸ್‌ನ ಸರದಿ: ಮೈದಾನದ ನಡುವೆ ಲೈನ್‌ಬ್ಯಾಕರ್‌ನನ್ನು ದಾಟಿ ನೇರ ಓಡುವಾಗ, ಹೊಡೆತ ಬೀಳುತ್ತದೆಂದು ಗೊತ್ತಿದ್ದೂ ಕಣ್ಣು ಚೆಂಡಿನ ಮೇಲೇ ಇದೆಯೇ? ಇವ್ಯಾವುವೂ ಗಡಿಯಾರಕ್ಕೆ ಸಿಗುವುದಿಲ್ಲ. ಮೇರಿಲ್ಯಾಂಡ್‌ನ ವರ್ನನ್ ಡೇವಿಸ್ 254 ಪೌಂಡ್ ತೂಗುತ್ತಾ 4.38 ಸೆಕೆಂಡಿನಲ್ಲಿ 40 ಗಜ ಓಡಿ 2006ರ 6ನೇ ಆಯ್ಕೆಯಾದರು. ಆ ವೇಗ 13 ಟಚ್‌ಡೌನ್‌ಗಳಾಗಿ ಫಲ ಕೊಟ್ಟದ್ದು 2009ರಲ್ಲಿ.

ಬ್ಯಾಸ್ಕೆಟ್‌ಬಾಲ್ ಅಂಗಳದಿಂದ ಆಟಗಾರರನ್ನು ತರುವ ಪದ್ಧತಿಯನ್ನು ಸಾಮಾನ್ಯವಾಗಿ ಟೋನಿ ಗೊಂಜಾಲೆಸ್ ಮತ್ತು ಆಂಟೋನಿಯೊ ಗೇಟ್ಸ್ ಹೆಸರಿಗೆ ಜೋಡಿಸುತ್ತಾರೆ. ಅದು ಪೂರ್ತಿ ಸರಿಯಲ್ಲ. 1960ರ ದಶಕದಲ್ಲೇ ಬ್ರಾಂಟ್ ಅವರ ಕೌಬಾಯ್ಸ್, ಯೂಟಾ ಸ್ಟೇಟ್‌ನ ಕಾರ್ನೆಲ್ ಗ್ರೀನ್ ಮತ್ತು ಮಿಷಿಗನ್ ಸ್ಟೇಟ್‌ನ ಪೀಟ್ ಜೆಂಟ್ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಕರೆತಂದಿತ್ತು. ಗೊಂಜಾಲೆಸ್ ಕ್ಯಾಲಿಫೋರ್ನಿಯಾದಲ್ಲಿ ಎರಡೂ ಆಟ ಆಡಿ 1997ರಲ್ಲಿ 13ನೇ ಆಯ್ಕೆಯಾದವರು. ಗೇಟ್ಸ್ ಪ್ರಕರಣವೇ ಬೇರೆ: ಕೆಂಟ್ ಸ್ಟೇಟ್‌ನಲ್ಲಿ ಫುಟ್‌ಬಾಲ್ ಆಡಲೇ ಇಲ್ಲ. ನೋಡಲು ಕಾಲೇಜು ಪಂದ್ಯದ ಒಂದು ವಿಡಿಯೊ ತುಣುಕೂ ಇಲ್ಲದ ಅವರನ್ನು 2003ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ಚಾರ್ಜರ್ಸ್ ತಂಡಕ್ಕೆ ಹಾಗೇ ಸೇರಿ 116 ಟಚ್‌ಡೌನ್ ಗಳಿಸಿದರು. ರೀಬೌಂಡ್‌ಗಾಗಿ ಎದುರಾಳಿಯನ್ನು ಬೆನ್ನಿನಿಂದ ತಡೆದು ಜಾಗ ಹಿಡಿಯುವ ಕಲೆ ಗೋಲ್ ಗೆರೆಯ ಹತ್ತಿರ ಹಾಗೇ ಉಪಯೋಗಕ್ಕೆ ಬರುತ್ತದೆಂದು ಆ ಮೇಲೆ ಎಲ್ಲ ತಂಡಗಳೂ ಒಪ್ಪಿದವು. 2010ರಲ್ಲಿ ಸೇಂಟ್ಸ್, ಮಯಾಮಿಯಲ್ಲಿ ಒಂದೇ ವರ್ಷ ಫುಟ್‌ಬಾಲ್ ಆಡಿದ್ದ ಜಿಮ್ಮಿ ಗ್ರಹಾಂ ಅವರನ್ನು ಮೂರನೇ ಸುತ್ತಿನಲ್ಲಿ ಪಡೆಯಿತು.

ಆ 2010ರ ಡ್ರಾಫ್ಟ್‌ನ ಮೊದಲ ಟೈಟ್ ಎಂಡ್ ಜರ್ಮೇನ್ ಗ್ರೆಶಮ್, 21ನೇ ಆಯ್ಕೆ. ಬೆನ್ನಿನ ಶಸ್ತ್ರಚಿಕಿತ್ಸೆಯಿಂದ ಹಿಂದಿನ ಋತು ಆಡದ ರಾಬ್ ಗ್ರಾಂಕೌಸ್ಕಿ 42ಕ್ಕೆ ಜಾರಿದರು. 2013ರಲ್ಲಿ ಟೈಲರ್ ಐಫರ್ಟ್ 21ನೆಯವರು, ಟ್ರಾವಿಸ್ ಕೆಲ್ಸಿ 63ನೆಯವರು. 2017ರಲ್ಲಿ ಮೂವರು ಟೈಟ್ ಎಂಡ್‌ಗಳು ಮೊದಲ ಸುತ್ತಿನಲ್ಲೇ ಹೋದರು. ಅಯೋವಾದ ಜಾರ್ಜ್ ಕಿಟಲ್ 146ರವರೆಗೆ ಕಾದರು. ಕಾಲೇಜಿನಲ್ಲಿ ಒಟ್ಟು 48 ಕ್ಯಾಚ್ ಹಿಡಿದಿದ್ದ ಅವರು 2018ರಲ್ಲಿ 1,377 ಗಜ ಗಳಿಸಿ ಟೈಟ್ ಎಂಡ್‌ಗಳ ಒಂದು ಋತುವಿನ ಅಂದಿನ ದಾಖಲೆ ಬರೆದರು. ಇದನ್ನು ಅದೃಷ್ಟದಾಟ ಎಂದು ತಳ್ಳಿಹಾಕುವುದು ಸರಿಯಲ್ಲ. ಕ್ಯಾಚ್ ಎಣಿಕೆಯನ್ನು ನಂಬಿದವರಿಗೆ ಕಿಟಲ್ ಕಾಣಲಿಲ್ಲ, ಅಷ್ಟೇ. ಸಾಲಿನಲ್ಲಿ ನಿಂತು ತಡೆಯುವುದನ್ನು ಕಡ್ಡಾಯವಾಗಿ ಕಲಿಸುವ ಅಯೋವಾದಂಥ ಕಾಲೇಜುಗಳು ವಿರಳವಾಗಿದ್ದವು. ಬಹುತೇಕ ಕಾಲೇಜುಗಳು ಆಟಗಾರರನ್ನು ಅಗಲಕ್ಕೆ ಹರಡಿ ನಿಲ್ಲಿಸುವ ಸ್ಪ್ರೆಡ್ ಪದ್ಧತಿಗೆ ಹೊರಳಿ, ಟೈಟ್ ಎಂಡ್‌ನನ್ನು ಸಾಲಿನಿಂದಾಚೆ ಸ್ಲಾಟ್‌ನಲ್ಲಿ ನಿಲ್ಲಿಸತೊಡಗಿದ್ದರಿಂದ ಬ್ಲಾಕಿಂಗ್ ತೂಗಿ ನೋಡಲು ಸ್ಕೌಟ್‌ಗಳಿಗೆ ಆಧಾರವೇ ಕಡಿಮೆಯಾಯಿತು. 2019ರಲ್ಲಿ ಅಯೋವಾದ ಇಬ್ಬರು, ಟಿ. ಜೆ. ಹಾಕೆನ್‌ಸನ್ ಮತ್ತು ನೋವಾ ಫಾಂಟ್, ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಒಂದೇ ಕಾಲೇಜಿನ ಇಬ್ಬರು ಟೈಟ್ ಎಂಡ್‌ಗಳಿಗೆ ಇದು ಮೊದಲ ಸಲ.

ಸ್ಥಾನದ ಗಡಿ ಎಲ್ಲಿ ಎಂಬ ಪ್ರಶ್ನೆ ಹಣದ ವಿಷಯವಾಗಿ 2014ರಲ್ಲಿ ಮಧ್ಯಸ್ಥಗಾರರ ಮುಂದೆ ಹೋಯಿತು. ತಾನು ಹೆಚ್ಚು ಸರದಿಗಳಲ್ಲಿ ಸ್ಲಾಟ್‌ನಲ್ಲೋ ಅಂಚಿನಲ್ಲೋ ನಿಲ್ಲುವುದರಿಂದ ರಿಸೀವರ್ ದರದ ಸಂಬಳ ಸಿಗಬೇಕೆಂದು ಗ್ರಹಾಂ ವಾದಿಸಿದರು. ಟೈಟ್ ಎಂಡ್‌ಗೆ ಸುಮಾರು 70 ಲಕ್ಷ ಡಾಲರ್, ರಿಸೀವರ್‌ಗೆ 1.2 ಕೋಟಿಗೂ ಹೆಚ್ಚು. ಮಧ್ಯಸ್ಥಗಾರ ಸ್ಟೀಫನ್ ಬರ್ಬ್ಯಾಂಕ್ ಅವರು ಗ್ರಹಾಂ ಟೈಟ್ ಎಂಡ್ ಎಂದೇ ತೀರ್ಪಿತ್ತರು. ಡ್ರಾಫ್ಟ್ ಇತಿಹಾಸಗಳಲ್ಲಿ ಈ ತೀರ್ಪು ಅಡಿಟಿಪ್ಪಣಿಯಾಗಿದೆ. ಅದಕ್ಕಿಂತ ದೊಡ್ಡ ಜಾಗ ಅದರದ್ದು. ರಿಸೀವರ್‌ನ ಕೆಲಸವನ್ನು ಟೈಟ್ ಎಂಡ್‌ನ ಬೆಲೆಗೆ ಪಡೆಯುವ ಅವಕಾಶ ತಂಡಗಳಿಗೆ ಉಳಿದುಕೊಂಡಿತು.

2021ರಲ್ಲಿ ಫ್ಲಾರಿಡಾದ ಕೈಲ್ ಪಿಟ್ಸ್ 4ನೇ ಆಯ್ಕೆಯಾಗಿ ಅಟ್ಲಾಂಟಾ ಫಾಲ್ಕನ್ಸ್ ಸೇರಿದರು. ಮೊದಲ ವರ್ಷ 1,026 ಗಜ ಗಳಿಸಿದರಾದರೂ ಮುಂದಿನ ಮೂರು ಋತುಗಳಲ್ಲಿ 700 ಮುಟ್ಟಲಿಲ್ಲ. ಆದರೂ ಟೈಟ್ ಎಂಡ್ ಪಳಗಲು ಮೂರು ವರ್ಷ ಬೇಕೆಂಬ ಹಳೆಯ ನಂಬಿಕೆ ಸಡಿಲವಾಗಿದೆ. 2023ರ ಎರಡನೇ ಸುತ್ತಿನಲ್ಲಿ ಬಂದ ಅಯೋವಾದ ಸ್ಯಾಮ್ ಲಪೋರ್ಟಾ ಮೊದಲ ಋತುವಿನಲ್ಲೇ 86 ಕ್ಯಾಚ್ ಹಿಡಿದರು. ಮರುವರ್ಷ ಜಾರ್ಜಿಯಾದ ಬ್ರಾಕ್ ಬೋವರ್ಸ್ 13ನೇ ಆಯ್ಕೆಯಾಗಿ ರೇಡರ್ಸ್ ಸೇರಿ 112 ಕ್ಯಾಚ್, 1,194 ಗಜಗಳೊಂದಿಗೆ ಡಿಟ್ಕಾ ಅವರ 63 ವರ್ಷದ ಗುರುತನ್ನು ದಾಟಿದರು. ಕಾಂಬೈನ್‌ನಲ್ಲಿ ಬೋವರ್ಸ್ 40 ಗಜ ಓಡಿರಲಿಲ್ಲ. 2025ರಲ್ಲಿ 10ನೇ ಆಯ್ಕೆಯಾಗಿ ಬೇರ್ಸ್ ಸೇರಿದ ಮಿಷಿಗನ್‌ನ ಕೋಲ್ಸ್‌ಟನ್ ಲವ್‌ಲ್ಯಾಂಡ್, 14ನೇ ಆಯ್ಕೆಯಾಗಿ ಕೋಲ್ಟ್ಸ್ ಸೇರಿದ ಪೆನ್ ಸ್ಟೇಟ್‌ನ ಟೈಲರ್ ವಾರನ್ ಕೂಡ ಅಲ್ಲಿ ಓಡಲಿಲ್ಲ. ಮೂವರನ್ನೂ ಅಳೆದದ್ದು ಪಂದ್ಯದ ವಿಡಿಯೊ ನೋಡಿ. ವಾರನ್ ವಿಷಯದಲ್ಲಿ ಪದೇ ಪದೇ ನೋಡಿದ ಒಂದು ತುಣುಕು 2024ರ ಅಕ್ಟೋಬರಿನ ಸದರ್ನ್ ಕ್ಯಾಲಿಫೋರ್ನಿಯಾ ಪಂದ್ಯದ್ದು: ಸಾಲಿನ ನಡುವೆ ಸೆಂಟರ್ ಆಗಿ ಬಗ್ಗಿ ತಾವೇ ಚೆಂಡನ್ನು ಹಿಂದಕ್ಕೆ ಕೊಟ್ಟು, ಓಡಿಹೋಗಿ, ಅದೇ ಸರದಿಯಲ್ಲಿ ಟಚ್‌ಡೌನ್ ಪಾಸ್ ಹಿಡಿದರು. ಆ ಪಂದ್ಯದಲ್ಲಿ ಅವರ ಲೆಕ್ಕ 17 ಕ್ಯಾಚ್, 224 ಗಜ.