ರಾಟೆಯನ್ನೂ ತೂಗಿದ ಲೆಕ್ಕ: ಜಾರ್ಜ್ ಅಟ್‌ವುಡ್‌ನ ಯಂತ್ರ

ಬಲ ಬದಲಾಗದಿದ್ದರೆ, ದ್ರವ್ಯರಾಶಿ ಹೆಚ್ಚಿದಷ್ಟೂ ವೇಗೋತ್ಕರ್ಷ ಕುಗ್ಗುತ್ತದೆ. ಹೈಸ್ಕೂಲಿನ ಮಕ್ಕಳೂ ಬಲ್ಲ ಈ ನಿಯಮವನ್ನು ಪ್ರಯೋಗದಲ್ಲಿ ತೋರಿಸುವುದು ಬಹುಕಾಲ ಕಷ್ಟವಾಗಿತ್ತು. ಬೀಳುವ ವಸ್ತುವಿನ ದ್ರವ್ಯರಾಶಿ ಇಮ್ಮಡಿಯಾದರೆ ಭೂಮಿಯ ಸೆಳೆತವೂ ಇಮ್ಮಡಿಯಾಗುತ್ತದೆ. ಎರಡೂ ಸರಿದೂಗಿ ವೇಗೋತ್ಕರ್ಷ ಇದ್ದಷ್ಟೇ ಉಳಿಯುತ್ತದೆ. ದ್ರವ್ಯರಾಶಿಯ ಪಾತ್ರ ಹೀಗೆ ಮರೆಯಾಗಿಬಿಡುತ್ತದೆ.

1687ರ 'ಪ್ರಿನ್ಸಿಪಿಯಾ'ದಲ್ಲಿ ನ್ಯೂಟನ್ ವಿವರಿಸಿದ ಲೋಲಕ ಪ್ರಯೋಗಗಳೂ ಈ ತೊಡಕಿನ ಒಳಗೇ ಇವೆ. ಹನ್ನೊಂದು ಅಡಿಯ ದಾರಗಳಿಗೆ ಮರದ ಪೆಟ್ಟಿಗೆ ಕಟ್ಟಿ, ಅವುಗಳಲ್ಲಿ ಚಿನ್ನ, ಬೆಳ್ಳಿ, ಸೀಸ, ಗಾಜು, ಮರಳು, ಉಪ್ಪು, ಮರ, ನೀರು, ಗೋಧಿ ಇಟ್ಟು ಆತ ತೂಗಾಡಿಸಿದ. ತೂಕಕ್ಕೂ ದ್ರವ್ಯರಾಶಿಗೂ ಇರುವ ಅನುಪಾತ ಎಲ್ಲ ಪದಾರ್ಥಗಳಲ್ಲೂ ಒಂದೇ ಎಂದು ಸಾವಿರದಲ್ಲೊಂದು ಪಾಲಿನ ನಿಖರತೆಯಲ್ಲಿ ಸಿದ್ಧವಾಯಿತು. ಒಂದೇ ಬಲಕ್ಕೆ ಬೇರೆ ಬೇರೆ ದ್ರವ್ಯರಾಶಿಗಳನ್ನು ಒಡ್ಡಿ ನೋಡುವ ಕೆಲಸ ಮಾತ್ರ ಬಾಕಿ ಉಳಿಯಿತು. 'ಬಲ = ದ್ರವ್ಯರಾಶಿ × ವೇಗೋತ್ಕರ್ಷ' ಎಂಬ ಇಂದಿನ ಸಮೀಕರಣದ ರೂಪವೂ ಆ ಗ್ರಂಥದಲ್ಲಿಲ್ಲ. ಅದು 1716ರಲ್ಲಿ ಗಣಿತಜ್ಞ ಯಾಕೋಬ್ ಹರ್ಮನ್‌ನ ಬರಹದಲ್ಲಿ ಸುಳಿದು, 1750ರ ಹೊತ್ತಿಗೆ ಆಯ್ಲರ್‌ನ ಕೈಯಲ್ಲಿ ಬಲಿಯಿತು.

ಪ್ರಯೋಗದ ದಾರಿ ತೆರೆದವನು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಜಾರ್ಜ್ ಅಟ್‌ವುಡ್ (1745–1807). ಅವನ ಯಂತ್ರದ ವರ್ಣನೆಯನ್ನು ಮೆಗೆಲನ್ ಎಂಬ ಪೋರ್ಚುಗೀಸ್ ವಿದ್ವಾಂಸ 1780ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾಗೆ ಬರೆದ ಪತ್ರದಲ್ಲಿ ಕಾಣುತ್ತೇವೆ. ಅಟ್‌ವುಡ್‌ನ ಸ್ವಂತ ಗ್ರಂಥ ಬಂದದ್ದು 1784ರಲ್ಲಿ. ಎತ್ತರದ ಕಂಬದ ತುದಿಯಲ್ಲೊಂದು ಹಗುರ ರಾಟೆ. ಉಜ್ಜಾಟ ತಗ್ಗಲೆಂದು ಅದರ ಅಚ್ಚನ್ನು ಇನ್ನೂ ನಾಲ್ಕು ಗಾಲಿಗಳ ಅಂಚಿನ ಮೇಲೆ ಕೂರಿಸಲಾಗಿತ್ತು. ರಾಟೆಯ ಮೇಲೆ ಹಾದ ರೇಷ್ಮೆ ದಾರದ ಎರಡು ತುದಿಗೂ ಸಮತೂಕದ ಬಟ್ಟುಗಳು. ಅವು ಒಂದನ್ನೊಂದು ತಡೆದು ನಿಲ್ಲುವುದರಿಂದ ಅವುಗಳ ತೂಕ ಚಲನೆಗೆ ಕಾರಣವಾಗುವುದಿಲ್ಲ, ಜಡತ್ವವಷ್ಟೇ ಉಳಿಯುತ್ತದೆ. ಒಂದು ಕಡೆ ಚಿಕ್ಕ ಹೆಚ್ಚುವರಿ ತೂಕವಿಟ್ಟರೆ ಎಳೆಯುವ ಬಲ ಅದೊಂದೇ. ಎಳೆಸಿಕೊಳ್ಳುವುದು ಇಡೀ ವ್ಯವಸ್ಥೆ. ಬಲವನ್ನೂ ದ್ರವ್ಯರಾಶಿಯನ್ನೂ ಇಷ್ಟು ಸರಳವಾಗಿ ಬಿಡಿಸಿಟ್ಟ ಇನ್ನೊಂದು ಉಪಕರಣ ಆ ಶತಮಾನದಲ್ಲಿ ನನಗೆ ಕಂಡಿಲ್ಲ.

ಆದರೆ ರಾಟೆಯೂ ತಿರುಗುತ್ತದಲ್ಲ! ನಮ್ಮ ಪಠ್ಯಪುಸ್ತಕಗಳು 'ದ್ರವ್ಯರಾಶಿಯಿಲ್ಲದ ರಾಟೆ' ಎಂದು ಬರೆದು ಮುಂದೆ ಹೋಗುತ್ತವೆ. ಅಟ್‌ವುಡ್ ಹಾಗೆ ಬಿಡಲಿಲ್ಲ. ಬಟ್ಟುಗಳನ್ನು ತೆಗೆದು, ರಾಟೆಯ ದಾರಕ್ಕೆ ಕೇವಲ 30 ಗ್ರೇನ್ ತೂಕ ಕಟ್ಟಿ ಇಳಿಬಿಟ್ಟ. ಮೂರು ಸೆಕೆಂಡಿನಲ್ಲಿ ಅದು ಇಳಿದದ್ದು 38½ ಅಂಗುಲ. ಮುಕ್ತವಾಗಿ ಬೀಳುವ ವಸ್ತು ಮೊದಲ ಸೆಕೆಂಡಿನಲ್ಲಿ 193 ಅಂಗುಲ, ಮೂರು ಸೆಕೆಂಡಿನಲ್ಲಿ ಅದರ ಒಂಬತ್ತರಷ್ಟು, ಎಂದರೆ 1737 ಅಂಗುಲ ಇಳಿಯುತ್ತದೆ. ಅಂದರೆ ವೇಗೋತ್ಕರ್ಷ ಸುಮಾರು 45 ಪಟ್ಟು ಕುಗ್ಗಿದೆ. ಚಲಿಸಿದ ಒಟ್ಟು ದ್ರವ್ಯರಾಶಿ 30 ಗ್ರೇನ್‌ನ 45 ಪಟ್ಟು, ಸುಮಾರು 1353 ಗ್ರೇನ್. ಅದರಲ್ಲಿ ಕಟ್ಟಿದ 30 ಕಳೆದರೆ 1323 ಗ್ರೇನ್ ರಾಟೆಗಳ ಪಾಲು, ಅಂದರೆ 2¾ ಔನ್ಸ್. ಯಾವ ನಿಯಮವನ್ನು ಇತರರಿಗೆ ತೋರಿಸಬೇಕಿತ್ತೋ ಅದನ್ನೇ ಅಳತೆಗೋಲಾಗಿಸಿ ತನ್ನ ಯಂತ್ರವನ್ನೇ ತೂಗಿದ ಈ ನಡೆ ನನಗೆ ಇಡೀ ಗ್ರಂಥದ ತಿರುಳು ಎನಿಸುತ್ತದೆ.

ಅವನ ಏಕಮಾನ ಕಾಲು ಔನ್ಸ್. ಆ ಲೆಕ್ಕದಲ್ಲಿ ರಾಟೆಗಳದು 11. ಎರಡೂ ಕಡೆ 26ರಂತೆ ಬಟ್ಟು, ಮೇಲೆ 1 ಹೆಚ್ಚುವರಿ ತೂಕ ಎಂದಿಟ್ಟುಕೊಂಡರೆ ಒಟ್ಟು 64. ಗುರುತ್ವದ 64ರಲ್ಲೊಂದು ಪಾಲು ವೇಗೋತ್ಕರ್ಷ; ಮೊದಲ ಸೆಕೆಂಡಿನಲ್ಲಿ ಇಳಿತ 3 ಅಂಗುಲ, ಎರಡನೆಯದರ ಕೊನೆಗೆ 12, ಮೂರನೆಯದರ ಕೊನೆಗೆ 27. ಅದೇ ಹೆಚ್ಚುವರಿ ತೂಕ ಉಳಿಸಿ ಬಟ್ಟುಗಳನ್ನು 10ಕ್ಕೆ ಇಳಿಸಿದರೆ ಒಟ್ಟು 32. ಮೊದಲ ಸೆಕೆಂಡಿನ ಇಳಿತ 6 ಅಂಗುಲವಾಗುತ್ತದೆ. ಬಲ ಅದೇ, ದ್ರವ್ಯರಾಶಿ ಅರ್ಧ, ವೇಗೋತ್ಕರ್ಷ ಎರಡರಷ್ಟು. ಸೆಕೆಂಡು ಎಣಿಸುವ ಲೋಲಕದ ಟಿಕ್ ಸದ್ದಿಗೆ ಕಿವಿಗೊಟ್ಟು, ಅಂಗುಲದ ಪಟ್ಟಿಯ ಮೇಲೆ ಕಣ್ಣಿಟ್ಟವರು ಇದನ್ನು ತಾವೇ ನೋಡಬಹುದಿತ್ತು.

ಆಸ್ಟ್ರಿಯಾದ ಭೌತವಿಜ್ಞಾನಿ ಎರ್ನ್ಸ್ಟ್ ಮಾಖ್ 1883ರಲ್ಲಿ ಒಂದು ಹೆಜ್ಜೆ ಮುಂದಿಟ್ಟ: ಎರಡು ವಸ್ತುಗಳು ಪರಸ್ಪರ ಉಂಟುಮಾಡುವ ವೇಗೋತ್ಕರ್ಷಗಳ ವಿಲೋಮ ಅನುಪಾತವೇ ಅವುಗಳ ದ್ರವ್ಯರಾಶಿಗಳ ಅನುಪಾತ ಎಂದ. ತಕ್ಕಡಿ ಕೆಲಸಕ್ಕೆ ಬಾರದ ಕಡೆ ಈ ಮಾತಿನ ಬೆಲೆ ಗೊತ್ತಾಗುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ 2005ರಲ್ಲಿ ಡಿಸ್ಕವರಿ ನೌಕೆ ಒಯ್ದ ಉಪಕರಣವೊಂದು ಗಗನಯಾತ್ರಿಯನ್ನು ಸ್ಪ್ರಿಂಗಿನ ಗೊತ್ತಿರುವ ಬಲದಿಂದ ಎಳೆದು, ಉಂಟಾದ ವೇಗೋತ್ಕರ್ಷದಿಂದ ಆ ಬಲವನ್ನು ಭಾಗಿಸಿ ದೇಹದ ದ್ರವ್ಯರಾಶಿ ಹೇಳುತ್ತದೆ. ಅದಕ್ಕಾಗಿ ಗಗನಯಾತ್ರಿ ಹೊಟ್ಟೆಯನ್ನು ದಿಂಬಿಗೆ ಒತ್ತಿ, ಕಾಲುಗಳನ್ನು ಆಸರೆಗೆ ಸುತ್ತಿ, ಗದ್ದವನ್ನು ಊರಿ ಅಲುಗಾಡದೆ ಇರಬೇಕು.