ಲ್ಯಾಬ್‌ನಲ್ಲಿ ಬೆಳೆಸಿದ ಚರ್ಮದಿಂದ ಹುಟ್ಟಿನಿಂದ ಬಂದ ಚರ್ಮರೋಗ ವಾಸಿಯಾಗುತ್ತದೆಯೇ?

ತೆರಕಣಾಂಬಿಯ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಬಂದಿತ್ತು. ಸ್ಟೆಮ್ ಸೆಲ್‌ನಿಂದ ಲ್ಯಾಬ್‌ನಲ್ಲಿ ಚರ್ಮ ತಯಾರಾಗಿದೆ, ಇನ್ನು ಹುಟ್ಟಿನಿಂದ ಬರುವ ಚರ್ಮರೋಗಗಳು ಮಾಯ ಎನ್ನುವುದು ಅದರ ಸಾರ. ಕೆಳಗೆ ಒಬ್ಬರು ಕೇಳಿದರು: "ಹನೂರು ಕಡೆ ಮಕ್ಕಳಿಗೆ ಬಂದಿದೆಯಲ್ಲ, ಅದಕ್ಕೂ ಆಗುತ್ತಾ?" ಇನ್ನೊಬ್ಬರ ಉತ್ತರ: "ಅದು ಶಾಪ ಕಣ್ರೀ, ಔಷಧಿಗೆ ಬಗ್ಗಲ್ಲ."

ಎರಡೂ ಮಾತು ತಪ್ಪು. ಯಾಕೆ ಎಂದು ನೋಡೋಣ.

ಹನೂರು ಕಡೆಯ ಆ ಕಾಯಿಲೆ ಯಾವುದು?

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಕೆಲವು ಹಳ್ಳಿಗಳ ಮಕ್ಕಳಲ್ಲಿ ಅಪರೂಪದ ಚರ್ಮರೋಗವಿದೆ ಎಂದು ಇತ್ತೀಚಿನ ವರ್ಷಗಳಲ್ಲಿ ಕನ್ನಡ ಸುದ್ದಿ ಮಾಧ್ಯಮಗಳು ವರದಿ ಮಾಡಿವೆ. ವರದಿಗಳಲ್ಲಿ ಬಂದ ಹೆಸರು ಜಿರೋಡರ್ಮಾ ಪಿಗ್ಮೆಂಟೋಸಮ್, ಚಿಕ್ಕದಾಗಿ ಎಕ್ಸ್‌ಪಿ.

ಬಿಸಿಲಿನಲ್ಲಿರುವ ನೇರಳಾತೀತ ಕಿರಣ, ಅಂದರೆ ಯುವಿ, ನಮ್ಮೆಲ್ಲರ ಚರ್ಮಕೋಶಗಳ ಡಿಎನ್‌ಎಗೂ ದಿನವೂ ಪೆಟ್ಟು ಕೊಡುತ್ತದೆ. ಮಳೆಗೆ ಒಡೆದ ಬದುವನ್ನು ರೈತ ಮತ್ತೆ ಕಟ್ಟುವಂತೆ, ಕೋಶಗಳು ಆ ಪೆಟ್ಟನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತವೆ. ಎಕ್ಸ್‌ಪಿ ಇರುವ ಮಗುವಿನಲ್ಲಿ ಈ ರಿಪೇರಿ ಕೆಲಸವೇ ಕೆಟ್ಟಿರುತ್ತದೆ. ಅಮೆರಿಕದ ವಿಜ್ಞಾನಿ ಜೇಮ್ಸ್ ಕ್ಲೀವರ್ ಇದನ್ನು 1968ರಲ್ಲಿ ತೋರಿಸಿಕೊಟ್ಟರು. ಎಕ್ಸ್‌ಪಿಗೆ ಸಂಬಂಧಿಸಿದ ಒಟ್ಟು 8 ಜೀನ್‌ಗಳಿವೆ. ಅವುಗಳಲ್ಲಿ ಯಾವುದಾದರೂ ಒಂದು ಕೆಟ್ಟರೂ ಕಾಯಿಲೆ ಬರುತ್ತದೆ.

ಮಗು ಹುಟ್ಟುವಾಗ ಚೆನ್ನಾಗಿಯೇ ಇರುತ್ತದೆ. ಬಿಸಿಲು ತಾಗುತ್ತಾ ಹೋದಂತೆ ಮುಖ, ಕೈಗಳ ಮೇಲೆ ಚುಕ್ಕೆಗಳು ಏಳುತ್ತವೆ, ಚರ್ಮ ಒಣಗುತ್ತದೆ, ಕಣ್ಣು ಬೆಳಕು ತಡೆಯುವುದಿಲ್ಲ. 20 ವರ್ಷದೊಳಗಿನ ಎಕ್ಸ್‌ಪಿ ರೋಗಿಗಳಲ್ಲಿ ಸಾಮಾನ್ಯ ಬಗೆಯ ಚರ್ಮದ ಕ್ಯಾನ್ಸರ್‌ಗಳ ಅಪಾಯ ಉಳಿದವರಿಗಿಂತ ಸುಮಾರು 10,000 ಪಟ್ಟು ಹೆಚ್ಚು.

ಇದು ಶಾಪವೇ? ಅಂಟುತ್ತದೆಯೇ?

ಎರಡೂ ಅಲ್ಲ. ಆ ಮಗುವಿನ ಜೊತೆ ಕೂತು ಉಂಡರೆ, ಆಡಿದರೆ, ಮೈ ಮುಟ್ಟಿದರೆ ಯಾರಿಗೂ ಬರುವುದಿಲ್ಲ. ತಂದೆ ತಾಯಿ ಇಬ್ಬರಲ್ಲೂ ಒಂದೇ ಜೀನ್‌ನ ಒಂದೊಂದು ಪ್ರತಿ ಕೆಟ್ಟಿದ್ದರೆ, ಅವರಿಗೆ ಏನೂ ತೊಂದರೆ ಇರುವುದಿಲ್ಲ. ಮಗುವಿಗೆ ಎರಡೂ ಕೆಟ್ಟ ಪ್ರತಿಗಳೇ ಬಂದಾಗ ಮಾತ್ರ ಕಾಯಿಲೆ. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ಈ ಸಾಧ್ಯತೆ ನೂರಕ್ಕೆ 25.

ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ಕೆಟ್ಟ ಜೀನ್ ಇರುವ ಸಂಭವ ಜಾಸ್ತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸುಮಾರು 27% ಮದುವೆಗಳು ರಕ್ತಸಂಬಂಧದಲ್ಲೇ ಆಗಿವೆ. ಹಾಗೆಂದು ಇದು ತಾಯಿಯ ತಪ್ಪೂ ಅಲ್ಲ, ಒಂದು ಜಾತಿಯ ತಪ್ಪೂ ಅಲ್ಲ.

ಹಾಗಾದರೆ ಲ್ಯಾಬ್ ಚರ್ಮ ಎಂದರೇನು?

ಚರ್ಮ ಬೆಳೆಸುವುದು ನಿಜ. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಇಲಿಯ ಚರ್ಮಕೋಶಕ್ಕೆ 4 ಜೀನ್‌ಗಳನ್ನು ಸೇರಿಸಿ, ಅದನ್ನು ಭ್ರೂಣದ ಕೋಶದಂಥ ಆಕರಕೋಶವಾಗಿ ಹಿಂದಕ್ಕೆ ತಿರುಗಿಸಿದರು. ಮರುವರ್ಷ ಮನುಷ್ಯರ ಕೋಶದಲ್ಲೂ ಇದು ಸಾಧ್ಯವಾಯಿತು. 2012ರಲ್ಲಿ ಅವರಿಗೆ ನೊಬೆಲ್ ಬಂತು. ಇದೇ ಸ್ಟೆಮ್ ಸೆಲ್.

ಚರ್ಮರೋಗ ಇರುವವರಿಂದ ಕಾಳಿನಷ್ಟು ಚರ್ಮ ಅಥವಾ ಸ್ವಲ್ಪ ರಕ್ತ ತೆಗೆದು ಇಂಥ ಆಕರಕೋಶ ಮಾಡುತ್ತಾರೆ. ಅದನ್ನು ಮತ್ತೆ ಚರ್ಮದ ಕೋಶಗಳಾಗಿ ಬೆಳೆಸುತ್ತಾರೆ. ಕೆಳಪದರದ ಕೋಶಗಳನ್ನು ಕೊಲಾಜೆನ್ ಎಂಬ ಜೆಲ್ಲಿಯಂಥ ಪದಾರ್ಥದಲ್ಲಿ ಬೆರೆಸಿ, ಮೇಲ್ಪದರದ ಕೋಶಗಳನ್ನು ಅದರ ಮೇಲೆ ಹರಡುತ್ತಾರೆ. ಮೊದಲು ಪೋಷಕ ದ್ರವದಲ್ಲಿ ಮುಳುಗಿಸಿಟ್ಟು, ಆಮೇಲೆ ಮೇಲ್ಭಾಗಕ್ಕೆ ಗಾಳಿ ತಾಗುವಂತೆ ಎತ್ತಿಡುತ್ತಾರೆ. ಗಾಳಿ ತಾಗಿದ ಮೇಲೆ ಕೋಶಗಳು ಪದರ ಪದರವಾಗಿ ಬಲಿತು ನಿಜವಾದ ಚರ್ಮದಂತಾಗುತ್ತವೆ.

ರೋಗಿಯಿಂದ ತೆಗೆದ ಮಾಮೂಲಿ ಚರ್ಮಕೋಶಗಳು ಸ್ವಲ್ಪ ಕಾಲ ಬೆಳೆದು ಸೋಲುತ್ತವೆ. ಆಕರಕೋಶ ಹಾಗಲ್ಲ, ಬೇಕಾದಷ್ಟು ಸಲ ಬೆಳೆಸಬಹುದು. ಪುಟ್ಟ ಮಗುವನ್ನು ಮತ್ತೆ ಮತ್ತೆ ಚುಚ್ಚಬೇಕಾಗಿಲ್ಲ.

ಇದರಿಂದ ಏನು ಉಪಯೋಗ?

ಮಗುವಿನ ಮೇಲೆ ಮಾಡಲಾಗದ ಪರೀಕ್ಷೆಯನ್ನು ಈ ಚರ್ಮದ ಮೇಲೆ ಮಾಡಬಹುದು. ಫ್ರಾನ್ಸಿನ ಸಂಶೋಧಕರು ಎಕ್ಸ್‌ಪಿ ರೋಗಿಗಳ ಚರ್ಮಕೋಶಗಳಿಂದಲೇ ಇಂಥ ಚರ್ಮ ಕಟ್ಟಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಯುವಿ ಹಾಯಿಸಿದಾಗ ಡಿಎನ್‌ಎ ಪೆಟ್ಟು ರಿಪೇರಿಯಾಗದೆ ಹಾಗೇ ಉಳಿಯಿತು. ಯುವಿ ತಾಗಿಸುವ ಮೊದಲೇ ಮೇಲ್ಪದರದ ಕೋಶಗಳು ಸರಿಯಾಗಿ ಬಲಿಯದೆ ಕೆಳಪದರದೊಳಕ್ಕೆ ಇಳಿಯುತ್ತಿದ್ದುದೂ ಕಂಡಿತು. ಕ್ಯಾನ್ಸರ್ ಯಾಕೆ ಅಷ್ಟು ಬೇಗ ಬರುತ್ತದೆ ಎಂಬುದಕ್ಕೆ ಇದು ಸುಳಿವು.

ಈಗ ಆಕರಕೋಶದಲ್ಲೇ ಕೆಟ್ಟ ಜೀನ್ ತಿದ್ದಿ, ತಿದ್ದಿದ ಮತ್ತು ತಿದ್ದದ ಚರ್ಮವನ್ನು ಪಕ್ಕಪಕ್ಕ ಇಟ್ಟು ಔಷಧಿ ಪರೀಕ್ಷಿಸಬಹುದು. ಆದರೆ ಸಾಮಾನ್ಯ ಲ್ಯಾಬ್ ಚರ್ಮದಲ್ಲಿ ರಕ್ತನಾಳ, ನರ, ಬೆವರು ಗ್ರಂಥಿ ಇರುವುದಿಲ್ಲ. 2020ರಲ್ಲಿ ಕೂದಲಿರುವ ಚರ್ಮವನ್ನೂ ಬೆಳೆಸಿದ್ದಾರೆ, ಅದಕ್ಕೆ ನಾಲ್ಕೈದು ತಿಂಗಳು ಹಿಡಿಯಿತು. ಇದು ಕಾಯಿಲೆಯನ್ನು ಅರಿಯುವ ಸಾಧನ, ಮಗುವಿಗೆ ಹೊದಿಸುವ ಹೊಸ ಚರ್ಮವಲ್ಲ.

ಯಾರಿಗೂ ಗುಣವಾಗಿಲ್ಲವೇ?

ಆಗಿದೆ, ಬೇರೆ ಕಾಯಿಲೆಯಲ್ಲಿ. ಮುಟ್ಟಿದರೆ ಗುಳ್ಳೆ ಏಳುವ ಎಪಿಡರ್ಮೊಲೈಸಿಸ್ ಬುಲ್ಲೋಸಾ ಎಂಬ ವಂಶಪಾರಂಪರ್ಯ ರೋಗವಿದೆ. ಜರ್ಮನಿಯಲ್ಲಿ ಅದರ ಒಂದು ಬಗೆಯಿಂದ ಸಾಯುವ ಸ್ಥಿತಿಯಲ್ಲಿದ್ದ 7 ವರ್ಷದ ಬಾಲಕನಿಗೆ, ಅವನದೇ ಚರ್ಮಕೋಶಗಳಲ್ಲಿ ಜೀನ್ ಸರಿಪಡಿಸಿ ಬೆಳೆಸಿದ ಚರ್ಮವನ್ನು ಮೈಯ ಸುಮಾರು 80% ಭಾಗಕ್ಕೆ ಕಸಿ ಮಾಡಲಾಯಿತು. 2017ರಲ್ಲಿ ಪ್ರಕಟವಾದ ಈ ಸುದ್ದಿ ನಿಜ. ಫಾರ್ವರ್ಡ್‌ಗಳು ಇದನ್ನೇ ಎಲ್ಲ ಚರ್ಮರೋಗಕ್ಕೂ ಹಚ್ಚುತ್ತವೆ. ಎಕ್ಸ್‌ಪಿಗೆ ಇಂಥ ಚಿಕಿತ್ಸೆ ಇನ್ನೂ ಇಲ್ಲ.

ಆದ್ದರಿಂದ ಯಾರಾದರೂ ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಗುಣ ಮಾಡುತ್ತೇವೆ ಎಂದು ದುಡ್ಡು ಕೇಳಿದರೆ ಎಚ್ಚರ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ, ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಮೊದಲಾದ ರಕ್ತದ ಆಕರಕೋಶಗಳ ಕಸಿ ಬಿಟ್ಟು ಉಳಿದ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ನಡೆಯಬೇಕು. ಅಂಥ ಪ್ರಯೋಗಕ್ಕೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಇದಕ್ಕಾಗಿ ಹೊಲ ಅಡ ಇಡಬೇಡಿ.

ಇವತ್ತೇ ಮಾಡಬಹುದಾದದ್ದು

• ಎಕ್ಸ್‌ಪಿ ಇರುವ ಮಗುವನ್ನು ಬಿಸಿಲಿನಿಂದ ಪೂರ್ತಿ ಕಾಪಾಡಿ: ತುಂಬು ತೋಳಿನ ದಪ್ಪ ಬಟ್ಟೆ, ಅಗಲ ಟೋಪಿ, ಯುವಿ ತಡೆಯುವ ಕನ್ನಡಕ, ಸನ್‌ಸ್ಕ್ರೀನ್. ಮೋಡ ಕವಿದ ದಿನವೂ ಯುವಿ ಇರುತ್ತದೆ. ಕಿಟಕಿ ಗಾಜು ಅದನ್ನು ಪೂರ್ತಿ ತಡೆಯುವುದಿಲ್ಲ.
• ಬಿಸಿಲು ತಪ್ಪಿಸಿದ ಮಕ್ಕಳಿಗೆ ವಿಟಮಿನ್ ಡಿ ಕಡಿಮೆಯಾಗಬಹುದು, ವೈದ್ಯರನ್ನು ಕೇಳಿ ಕೊಡಿ.
• ಹೊಸ ಗಂಟು, ಮಾಯದ ಹುಣ್ಣು ಕಂಡರೆ ತಡ ಮಾಡದೆ ಚರ್ಮವೈದ್ಯರಿಗೆ ತೋರಿಸಿ. ಬೇಗ ತೆಗೆದರೆ ಜೀವ ಉಳಿಯುತ್ತದೆ. ಕಣ್ಣಿನ ತಪಾಸಣೆಯೂ ಬೇಕು.
• ಮುಂದಿನ ಮಗುವಿನ ಯೋಚನೆ ಇದ್ದರೆ ಮೊದಲು ಜೀನ್ ಪರೀಕ್ಷೆ, ಸಲಹೆ ಪಡೆಯಿರಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಅಪರೂಪದ ಕಾಯಿಲೆಗಳಿಗೆಂದೇ ಕೇಂದ್ರ ಸರ್ಕಾರ ಗುರುತಿಸಿರುವ ಕೇಂದ್ರ.

ನಮ್ಮ ತೀರ್ಮಾನ: ಲ್ಯಾಬ್‌ನಲ್ಲಿ ಚರ್ಮ ಬೆಳೆಸುವುದು ನಿಜ. ಅದರಿಂದ ಎಲ್ಲ ಚರ್ಮರೋಗ ವಾಸಿ ಎನ್ನುವುದು ಸುಳ್ಳು. ಶಾಪ ಎನ್ನುವುದೂ ಸುಳ್ಳು. ಆ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದರೆ ಇದನ್ನು ಕಳಿಸಿ. ಹನೂರು ಕಡೆ ನೆಂಟರಿದ್ದರೆ, ಅವರಿಗೆ ಓದಿ ಹೇಳಿ.